ಫಿಸಿಕ್ಸ್ ಸೀಟಿಗೆ ರ‍್ಯಾಂಕಿಂಗ್ ಪಟ್ಟಿ ಸಾಕಾ?

ಸಂಪಾದಕರಿಗೆ ನಮಸ್ಕಾರ,

ಜಗತ್ತಿನ ಯೂನಿವರ್ಸಿಟಿಗಳ ರ‍್ಯಾಂಕಿಂಗ್ ಪೇಪರಲ್ಲಿ ಬಂದ್ರೆ ಸಾಕು, ಡಿಗ್ರೀಲಿ ಫಿಸಿಕ್ಸ್ ಓದ್ಬೇಕು ಅಂತಿರೋ ಹುಡುಗ್ರು ಅದನ್ನ ಕತ್ತರಿಸಿ ಇಟ್ಕೊತಾರೆ, ಅಪ್ಪ ಅಮ್ಮ ಮೇಲಿಂದ ಕೆಳಗೆ ಬೆರಳಿಟ್ಕೊಂಡು ಬರ್ತಾರೆ. ಆ ನಂಬರ್ ಹೆಂಗೆ ಬರುತ್ತೆ ಅಂತ ನೀವು ಎರಡು ಸಾಲು ಜೊತೇಲಿ ಹಾಕ್ಬಾರ್ದಾ? 2003ರಿಂದ ಬರ್ತಿರೋ ಶಾಂಘೈ ರ‍್ಯಾಂಕಿಂಗನ್ನೇ ತಗೊಳಿ, ಅಲ್ಲಿ ಓದಿದೋರು ಮತ್ತೆ ಪಾಠ ಮಾಡೋರು ನೊಬೆಲ್ಲೋ, ಗಣಿತದ ದೊಡ್ಡ ಪ್ರಶಸ್ತಿ ಫೀಲ್ಡ್ಸ್ ಮೆಡಲ್ಲೋ ಗೆದ್ದಿದಾರಾ ಅನ್ನೋದಕ್ಕೇ 100ಕ್ಕೆ 30 ಮಾರ್ಕ್ಸು, ಮಿಕ್ಕಿದ್ದೂ ಹೆಚ್ಚುಕಮ್ಮಿ ರಿಸರ್ಚ್ ಪೇಪರ್ ಲೆಕ್ಕಾನೇ. ಫಸ್ಟ್ ಇಯರಿಗೆ ಮೆಕ್ಯಾನಿಕ್ಸ್ ಹೆಂಗೆ ಹೇಳ್ಕೊಡ್ತಾರೆ ಅನ್ನೋದಕ್ಕೆ ಸೊನ್ನೆ. ಹೆಸರಾಂತ ಫಿಸಿಕ್ಸ್ ವಿಜ್ಞಾನಿ ಫೈನ್‌ಮನ್ 1961ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಯೂನಿವರ್ಸಿಟಿಗೆ ಹೊಸದಾಗಿ ಸೇರಿದ ಹುಡುಗ್ರಿಗೇ ಪಾಠ ಮಾಡಿದ್ರು ನಿಜ, ಅಂಥದ್ದು ಅಪರೂಪ ಅಂತಾನೇ ಇವತ್ತಿಗೂ ಅದನ್ನ ಹೇಳ್ಕೊಂಡು ತಿರುಗ್ತೀವಿ.

ನನ್ನ ಕೇಳಿದ್ರೆ ಮೊದ್ಲು ಲ್ಯಾಬ್ ನೋಡ್ಬೇಕು. ಒಬ್ಬೊಬ್ರೇ, ಬೆಳಕನ್ನ ಬಣ್ಣದ ಗೆರೆಗಳಾಗಿ ಬಿಡಿಸಿ ಅಳೆಯೋ ಸ್ಪೆಕ್ಟ್ರೋಮೀಟರ್ ಮುಂದೆ ಕೂತು ಗೆರೆನ ಕ್ರಾಸ್‌ವೈರಿಗೆ ತಂದು ವರ್ನಿಯರ್ ಸ್ಕೇಲಲ್ಲಿ ಅಳತೆ ಓದ್ತಾರಾ, ಇಲ್ಲ ಐದಾರು ಜನ ಸುತ್ತ ನಿಂತು ಒಬ್ಬ ಹೇಳಿದ್ದನ್ನ ಎಲ್ರೂ ರೆಕಾರ್ಡಿಗೆ ಇಳಿಸ್ಕೊತಾರಾ? ಸೋಡಿಯಂ ಲ್ಯಾಂಪಿನ ಹಳದಿ ಬೆಳಕು ನಿಜಕ್ಕೂ ಒಂದಲ್ಲ, 589.0 ಮತ್ತೆ 589.6 ನ್ಯಾನೋಮೀಟರಿನ ಎರಡು ಗೆರೆ, ಒಳ್ಳೆ ಗ್ರೇಟಿಂಗ್ (ಬೆಳಕನ್ನ ಬಿಡಿಸೋ, ಸಣ್ಣ ಸಣ್ಣ ಗೀರಿರೋ ತಟ್ಟೆ) ಇದ್ದು ಪುರುಸೊತ್ತಾಗಿ ಫೋಕಸ್ ಮಾಡಿದ್ರೆ ಎರಡೂ ಬೇರೆ ಬೇರೆ ಕಾಣುತ್ತೆ, ಅದನ್ನ ಸ್ವಂತ ಕಣ್ಣಲ್ಲಿ ನೋಡ್ದೇನೇ ಡಿಗ್ರಿ ಮುಗಿಸೋರು ಬೇಕಾದಷ್ಟು ಜನ ಇದಾರೆ. ಉತ್ತರ 589ರ ಬದ್ಲು 585 ಬಂತು, ಎರರ್ ಇಷ್ಟು, ಕಾರಣ ಇದು ಅಂತ ಬರೆದೋನಿಗೆ ಮಾರ್ಕ್ಸ್ ಕೊಡೋ ಕಡೆ ಸೇರ್ಕೊಳಿ, ಪುಸ್ತಕದ ಉತ್ತರ ಇಟ್ಕೊಂಡು ಹಿಂದಿನಿಂದ ಲೆಕ್ಕ ಕೂಡಿಸೋ ಕಡೆ ಬೇಡ.

ಸಿಲಬಸ್ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ, ಮೆಕ್ಯಾನಿಕ್ಸ್, ಎಲೆಕ್ಟ್ರೋಮ್ಯಾಗ್ನೆಟಿಸಂ, ಥರ್ಮಲ್, ಕ್ವಾಂಟಂ. ಆದ್ರೆ ಲೀನಿಯರ್ ಆಲ್ಜೀಬ್ರಾ, ಡಿಫರೆನ್ಷಿಯಲ್ ಈಕ್ವೇಶನ್ ಕ್ವಾಂಟಂಗಿಂತ ಮುಂಚೆ ಬರುತ್ತಾ ಅಂತ ಮಾತ್ರ ನೋಡ್ಕೊಳಿ, ಇಲ್ದಿದ್ರೆ ಕ್ವಾಂಟಂ ಪಾಠದಲ್ಲಿ ಲೀನಿಯರ್ ಆಲ್ಜೀಬ್ರಾದ ಐಗನ್‌ವ್ಯಾಲ್ಯೂ ಅಂದಾಗ ಇಡೀ ಕ್ಲಾಸು ಮುಖ ಮುಖ ನೋಡ್ಕೊಳುತ್ತೆ.

ಬ್ರೋಷರಲ್ಲಿ ಆಸ್ಟ್ರೋಫಿಸಿಕ್ಸ್, ನ್ಯೂಕ್ಲಿಯರ್ ಅಂತ ಉದ್ದಕ್ಕೆ ಎಲೆಕ್ಟಿವ್ ಹಾಕಿರ್ತಾರಲ್ಲ, ಅದ್ರಲ್ಲಿ ಈ ವರ್ಷ ನಿಜಕ್ಕೂ ನಡೀತಿರೋದು ಯಾವ್ದು ಅಂತ ಆಫೀಸಲ್ಲಿ ಕೇಳ್ಬೇಡಿ, ಫೈನಲ್ ಇಯರ್ ಹುಡುಗ್ರನ್ನ ಕೇಳಿ. ಹಂಗೇ ನಿಮ್ ಪ್ರಾಜೆಕ್ಟ್ ಗೈಡು ವಾರಕ್ಕೆ ಒಂದ್ಸಲಾನಾದ್ರೂ ಕೈಗೆ ಸಿಗ್ತಾರಾ ಅಂತಾನೂ ಕೇಳಿಬಿಡಿ, ಅವ್ರು ಉತ್ತರ ಹೇಳೋಕೆ ಮುಂಚೆ ನಕ್ರು ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಇಂತಿ,
ಫಿಸಿಕ್ಸ್ ಓದಿದ ಒಬ್ಬ ಓದುಗ