ಗುಂಪಿಗೆ ಸೇರಿದ ಹೊಸ ಮಕ್ಕಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಈ ವಾರ ವಿಟಿಲಿಗೊ (ಚರ್ಮದ ಮೇಲೆ ಬಿಳಿ ಮಚ್ಚೆ, ಅಂದರೆ ತೊನ್ನು) ಇರುವ ಮೂವರು ಹದಿಹರೆಯದವರು ನಮ್ಮ ಜೊತೆ ಸೇರಿದ್ದಾರೆ. ದಯವಿಟ್ಟು ಬಂದ ಕೂಡಲೇ ಮನೆಮದ್ದು, ಪಥ್ಯ ಹೇಳಬೇಡಿ. ಅದನ್ನು ಅವರು ಬೇಕಾದಷ್ಟು ಕೇಳಿರುತ್ತಾರೆ, ಅಲ್ವಾ?

ಇದು ಅಂಟುವುದಿಲ್ಲ, ಯಾರ ತಪ್ಪೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ಬೀಳುತ್ತದೆ. ಚಿಕಿತ್ಸೆಯ ವಿಷಯ ಚರ್ಮದ ಡಾಕ್ಟರಿಗೆ ಬಿಡಿ.

14ನೇ ವಯಸ್ಸಿನಲ್ಲಿ ನಾನು ಸೆಕೆಯಲ್ಲೂ ಅಂಗಿಯ ತೋಳನ್ನು ಬೆರಳ ತುದಿವರೆಗೆ ಎಳೆದುಕೊಂಡು ಕೂರುತ್ತಿದ್ದೆ. ಒಬ್ಬ ಗೆಳತಿ ಏನೂ ಕೇಳದೆ, ಸುಮ್ನೆ ಕೈ ಹಿಡಿದು ಆಟಕ್ಕೆ ಕರೆದುಕೊಂಡು ಹೋದಳು. ಆ ಹಿಡಿತ ಇನ್ನೂ ನೆನಪಿದೆ.

ಜೂನ್ 25, ವಿಶ್ವ ವಿಟಿಲಿಗೊ ದಿನ, ಸಂಜೆ 6ಕ್ಕೆ ವಿಡಿಯೊ ಕರೆ ಇದೆ. ಕ್ಯಾಮೆರಾ ಹಾಕಲೇಬೇಕು ಅಂತೇನಿಲ್ಲ.