ತಪ್ಪಾಗಿ ಹೊಂದಿಸಿದ ಸ್ಕೀ ಬೈಂಡಿಂಗ್ ಬಗ್ಗೆ ದೂರು

ಇಂದ:
ಪ್ರೆಸಿಡೆಂಟ್ಸ್ ಡೇ ವಾರಾಂತ್ಯಕ್ಕೆ ಗುಂಪು ಬುಕಿಂಗ್ ಮಾಡಿದ ಗ್ರಾಹಕ,
ಸನ್ನಿವೇಲ್, ಕ್ಯಾಲಿಫೋರ್ನಿಯಾ

ಇವರಿಗೆ:
ಮಾಲೀಕರು,
ಟಾಹೋ ಸ್ಕೀ ಪ್ಯಾಕೇಜ್ ಮತ್ತು ಬಾಡಿಗೆ ಸಾಮಾನಿನ ಅಂಗಡಿ

ವಿಷಯ: ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ) ತಪ್ಪಾಗಿ ಹೊಂದಿಸಿ ಕೊಟ್ಟಿದ್ದರಿಂದ ಆದ ಗಾಯ, ಬಾಡಿಗೆ ವಾಪಸ್, ತಡವಾದದ್ದಕ್ಕೆ ಹಾಕಿದ ದಂಡ

ಮಾನ್ಯರೇ, ನಮಸ್ಕಾರ.

ನಿಮ್ಮ ಆಫೀಸಿಗೆ ಇಂಗ್ಲಿಷಿನಲ್ಲಿ ಬರೆದ ಇಮೇಲ್‌ಗಳಿಗೆಲ್ಲ ಒಂದೇ ಉತ್ತರ ಬರುತ್ತಿದೆ. ನೀವು ವೇವರ್‌ಗೆ, ಅಂದರೆ ಅಪಾಯ ನಮ್ಮದೇ ಅಂತ ಒಪ್ಪುವ ಪತ್ರಕ್ಕೆ, ಸಹಿ ಹಾಕಿದ್ದೀರಿ, ನಮ್ಮ ಜವಾಬ್ದಾರಿ ಇಲ್ಲ, ಅಷ್ಟೆ. ಉತ್ತರ ಕೊಟ್ಟವರು ನನ್ನ ದೂರು ಓದಿದ ಲಕ್ಷಣವೇ ಕಾಣಲಿಲ್ಲ. ಅದಕ್ಕೇ ಈಗ ನೇರವಾಗಿ ನಿಮಗೆ, ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಜಾಹೀರಾತು ನಮಗೆ ತಲುಪಿದ್ದೂ ಕನ್ನಡದಲ್ಲೇ ಅಲ್ವಾ? "ನಮ್ಮವರಿಗಾಗಿ ಟಾಹೋ ಸ್ಕೀ ವೀಕೆಂಡ್. ಕ್ಯಾಬಿನ್, ಬಾಡಿಗೆ ಸಾಮಾನು, ಕನ್ನಡದಲ್ಲಿ ಪಾಠ" ಅಂತ ವಾಟ್ಸಾಪಿನಲ್ಲಿ ಬಂದಿತ್ತು. ನಮ್ಮವರು ಅಂದಿದ್ದಕ್ಕೇ ನಂಬಿದೆವು.

ನಮ್ಮದು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಒಂದೇ ಹಾಸ್ಟೆಲಿನಲ್ಲಿದ್ದವರ ಗುಂಪು. ಒಬ್ಬ ಸಿಯಾಟಲ್, ಒಬ್ಬ ಡಲ್ಲಾಸ್, ಇನ್ನೊಬ್ಬ ಫೀನಿಕ್ಸ್. ಎಲ್ಲರೂ ಹೆಂಡತಿ ಮಕ್ಕಳ ಸಮೇತ ಸೇರುವುದೇ ಅಪರೂಪ. ಈ ಸಲ ದಾವಣಗೆರೆಯಿಂದ ನನ್ನ ಭಾವನವರೂ ಬಂದಿದ್ದರು. ಅವರಿಗೆ 54 ವರ್ಷ. ಹಿಮ ನೋಡಿದ್ದೇ ಮೊದಲ ಸಲ. ಆದರೆ ದಿನಾ ಬೆಳಿಗ್ಗೆ ನಡೆಯುವ ಗಟ್ಟಿ ಆಳು, "ಒಂದ್ಸಲ ಜಾರೇ ಬಿಡೋಣ" ಅಂತ ಎಲ್ಲರಿಗಿಂತ ಮುಂಚೆ ಹೆಸರು ಕೊಟ್ಟವರು ಅವರೇ.

ಬುಕಿಂಗ್ ಮಾಡುವಾಗ ನಿಮ್ಮ ಫಾರಂನಲ್ಲಿ ಒಬ್ಬೊಬ್ಬರದ್ದೂ ವಯಸ್ಸು, ತೂಕ, ಎತ್ತರ, ಪಾದದ ಅಳತೆ, ಸ್ಕೀ ಅನುಭವ ಎಲ್ಲ ಕೇಳಿದ್ದಿರಿ. ಒಂದೊಂದನ್ನೂ ಸರಿಯಾಗಿ ತುಂಬಿದ್ದೇನೆ. ಭಾವನವರ ಸಾಲಿನಲ್ಲಿ 54 ವರ್ಷ, 70 ಕಿಲೋ, 170 ಸೆಂಟಿಮೀಟರ್, ಒಂದನೇ ಬಗೆ ಅಂತಿದೆ. ಒಂದನೇ ಬಗೆ ಅಂದರೆ ನಿಧಾನಕ್ಕೆ, ಹುಷಾರಾಗಿ ಜಾರುವವರು. ಅದರ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ಶುಕ್ರವಾರ ಸಂಜೆ ಸಾಮಾನು ತಗೊಳ್ಳಲು ಅಂಗಡಿಗೆ ಬಂದೆವು. ಲಾಂಗ್ ವೀಕೆಂಡ್, ಜನ ಜಾಸ್ತಿ, ಒಪ್ಪುತ್ತೇನೆ. ಮಕ್ಕಳ ಕೌಂಟರಿನಲ್ಲಿದ್ದ ಹುಡುಗಿ ಅಷ್ಟು ಗಲಾಟೆಯಲ್ಲೂ ಒಂದೊಂದು ಮಗುವಿನ ವಯಸ್ಸು ಮತ್ತೆ ಕೇಳಿ, ಬೂಟಿನ ಹಿಮ್ಮಡಿ ಹತ್ತಿರ ಅಚ್ಚಾಗಿರುವ ಮಿಲಿಮೀಟರ್ ಅಳತೆ ಓದಿ, ಚಾರ್ಟಿನ ಮೇಲೆ ಬೆರಳಿಟ್ಟು ನೋಡಿ, ಆಮೇಲೆ ಸ್ಕ್ರೂ ತಿರುಗಿಸುತ್ತಿದ್ದಳು. ಅವಳಿಗೆ ನನ್ನ ಕಡೆಯಿಂದ ಒಂದು ಥ್ಯಾಂಕ್ಸ್ ಹೇಳಿ. ದೊಡ್ಡವರ ಕೌಂಟರಿನ ಕಥೆ ಬೇರೆ. ಅಲ್ಲಿದ್ದ ಹುಡುಗ ಕಿವಿ ಮತ್ತು ಭುಜದ ನಡುವೆ ಫೋನ್ ಸಿಕ್ಕಿಸಿಕೊಂಡೇ ಕೆಲಸ ಮಾಡುತ್ತಿದ್ದ. ನಮ್ಮ ಫಾರಂನ ಪ್ರಿಂಟ್ ಅವನ ಮುಂದೆಯೇ ಇತ್ತು. ಅದರ ಮೇಲೆ ಬೂಟು ಇಟ್ಟಿದ್ದ.

ಮೊದಲು ಡಲ್ಲಾಸಿನ ಗೆಳೆಯನದ್ದು ಹೇಳಿ ಮುಗಿಸುತ್ತೇನೆ. ಅವನಿಗೆ 26.5ರ ಬೂಟು ಹಾಕಿಸಿ, ಸ್ಕೀ ಹೊಂದಿಸಿ, ಚೀಟಿ ಅಂಟಿಸಿ ಆಯಿತು. ಹೊರಡುವಷ್ಟರಲ್ಲಿ ಬೆರಳು ಒತ್ತುತ್ತಿದೆ ಅಂದ. ನಿಮ್ಮ ಹುಡುಗ 27.5ರ ಜೊತೆ ಕೈಗಿಟ್ಟ, ಸ್ಕೀ ಮಾತ್ರ ಮುಟ್ಟಲಿಲ್ಲ. ಬೂಟು ಒಂದು ಸೈಜ್ ದೊಡ್ಡದಾದರೆ ಅಟ್ಟೆಯ ಉದ್ದ ಸುಮಾರು 10 ಮಿಲಿಮೀಟರ್ ಜಾಸ್ತಿಯಾಗುತ್ತದೆ, ಬೈಂಡಿಂಗ್ ಮತ್ತೆ ಹೊಂದಿಸಲೇಬೇಕು. ನಾನು ಇಂಜಿನಿಯರ್ ಆಗಿ ಇದನ್ನು ಹೇಳಬೇಕಾಗಿಲ್ಲ, ನಿಮ್ಮ ಕಸುಬಿನ ಮೊದಲ ಪಾಠ ಇದು. ಶನಿವಾರ ಬೆಳಿಗ್ಗೆ ಡಾನರ್ ಸಮಿಟ್ ಹತ್ತಿರದ ಗುಡ್ಡದಲ್ಲಿ ಅವನ ಹಿಮ್ಮಡಿ ಕೂರಲೇ ಇಲ್ಲ. ಎಷ್ಟು ಒತ್ತಿದರೂ ಆ ಟಕ್ ಅನ್ನುವ ಸದ್ದು ಬರಲಿಲ್ಲ. ಅಲ್ಲಿನ ಬಾಡಿಗೆ ಅಂಗಡಿಯವರು ಬೇರೆ ಅಂಗಡಿಯ ಸಾಮಾನು ಮುಟ್ಟುವುದಿಲ್ಲ ಅಂದರು. ಅವರ ಕಷ್ಟ ಅವರಿಗೆ, ನಾಳೆ ಏನಾದರೂ ಆದರೆ ತಲೆ ಮೇಲೆ ಬರುತ್ತದಲ್ಲ. ಕೊನೆಗೆ ಅಲ್ಲೇ ಹೊಸದಾಗಿ ಸ್ಕೀ ಬೂಟು ಬಾಡಿಗೆಗೆ ತಗೊಂಡು ಅವನು ಲಿಫ್ಟ್ ಹತ್ತುವ ಹೊತ್ತಿಗೆ ಮಧ್ಯಾಹ್ನ. ಟಾಹೋದ ದೊಡ್ಡ ಗುಡ್ಡಗಳಲ್ಲಿ ರಜೆ ವಾರಾಂತ್ಯದ ಒಂದು ದಿನದ ಲಿಫ್ಟ್ ಟಿಕೆಟ್ ಕೌಂಟರಿನಲ್ಲಿ 200 ಡಾಲರ್ ದಾಟುತ್ತದೆ, ನಿಮಗೇ ಗೊತ್ತಿರುವ ವಿಷಯ. ಅರ್ಧ ದಿನ ಹೋದರೆ ಎಷ್ಟು ಹೋಯಿತು ಅಂತ ಲೆಕ್ಕ ಹಾಕಿಕೊಳ್ಳಿ.

ಈಗ ಭಾವನವರ ವಿಷಯ. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ಶನಿವಾರ ಬೆಳಿಗ್ಗೆ ಅವರು ಗುಡ್ಡದವರದ್ದೇ ಬಿಗಿನರ್ ಪಾಠ ಮುಗಿಸಿ, ಮಧ್ಯಾಹ್ನದವರೆಗೆ ಮ್ಯಾಜಿಕ್ ಕಾರ್ಪೆಟ್, ಅಂದರೆ ಹೊಸಬರನ್ನು ಮೇಲಕ್ಕೆ ಒಯ್ಯುವ ಚಲಿಸುವ ಪಟ್ಟಿಯ, ಪಕ್ಕದಲ್ಲೇ ಅಭ್ಯಾಸ ಮಾಡಿದರು. ಊಟಕ್ಕೆ ಚಿತ್ರಾನ್ನದ ಡಬ್ಬಿ ಬಿಚ್ಚಿದಾಗ ಬಹಳ ಖುಷಿಯಲ್ಲಿದ್ದರು. ಆಮೇಲೆ ಹಸಿರು ಗುರುತಿನ, ಅಂದರೆ ಎಲ್ಲಕ್ಕಿಂತ ಸುಲಭದ ಇಳಿಜಾರಿಗೆ ನನ್ನ ಜೊತೆ ಬಂದರು. ಸ್ಕೀ ಮುಂತುದಿ ಎರಡನ್ನೂ ಹತ್ತಿರ ತಂದು, ಪಿಜ್ಜಾ ತುಂಡಿನ ಆಕಾರದಲ್ಲಿ, ನಡೆಯುವ ವೇಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಬಲಗಾಲಿನ ಸ್ಕೀ ಒಳ ಅಂಚು ಹಿಮಕ್ಕೆ ಸಿಕ್ಕಿತು. ದೇಹ ಎಡಕ್ಕೆ ತಿರುಗಿತು, ಸ್ಕೀ ತಿರುಗಲಿಲ್ಲ. ನಾನು ಮೂರು ಮಾರು ದೂರದಲ್ಲಿದ್ದೆ. ಬಿದ್ದು ಮಗುಚಿದ ಮೇಲೂ ಆ ಸ್ಕೀ ಬೂಟಿಗೆ ಕಚ್ಚಿಕೊಂಡೇ ಇತ್ತು, ಮೊಣಕಾಲು ಬೇಡದ ದಿಕ್ಕಿಗೆ ಹೊರಳಿತ್ತು. ಕೈಯಿಂದ ಹಿಮ್ಮಡಿಯ ಲಿವರ್ ಒತ್ತಿ ನಾನೇ ಬಿಡಿಸಬೇಕಾಯಿತು. "ಬಿದ್ದಿದ್ದು ದೊಡ್ಡದಲ್ಲಪ್ಪಾ, ಇದು ಕಾಲು ಬಿಡ್ಲೇ ಇಲ್ವಲ್ಲ" ಅಂದರು ಭಾವ. ಅವರಿಗೆ ಸ್ಕೀ ಬಗ್ಗೆ ಏನೂ ಗೊತ್ತಿಲ್ಲ, ಆದರೆ ನಿಮ್ಮ ಆಫೀಸಿಗಿಂತ ಚೆನ್ನಾಗಿ ವಿಷಯ ಹಿಡಿದರು.

ಸ್ಕೀ ಪ್ಯಾಟ್ರೋಲಿನವರು, ಅಂದರೆ ಗುಡ್ಡದ ರಕ್ಷಣಾ ತಂಡದವರು, ಬಂದು ಅವರನ್ನು ಸ್ಲೆಡ್ಡಿನಲ್ಲಿ ಮಲಗಿಸಿ ಕೆಳಗೆ ಇಳಿಸಿದರು. ಅಪಘಾತದ ಫಾರಂ ತುಂಬುವಾಗ ಬೈಂಡಿಂಗಿನ ಸಂಖ್ಯೆಯನ್ನೂ, ಅಂದರೆ ಅದು ಎಷ್ಟು ಬಿಗಿ ಅನ್ನುವುದನ್ನೂ, ಬರೆದುಕೊಂಡರು. ಮುಂದಿನ ತುಂಡಿನಲ್ಲಿ, ಹಿಂದಿನ ತುಂಡಿನಲ್ಲಿ ಒಂದು ಪುಟ್ಟ ಕಿಟಕಿ ಇರುತ್ತದಲ್ಲ, ಎರಡರಲ್ಲೂ ಗೆರೆ 7ರ ಮೇಲೆ ನಿಂತಿತ್ತು. ಫೋಟೋ ಅಲ್ಲೇ ತೆಗೆದೆ.

ಆ ಸಂಖ್ಯೆ ಎಲ್ಲಿಂದ ಬರುತ್ತದೆ ಅನ್ನುವುದು ಗುಟ್ಟೇನಲ್ಲ. ತೂಕ ಎತ್ತರ ನೋಡಿ ಚಾರ್ಟಿನಲ್ಲಿ ಒಂದು ಸಾಲು ಹಿಡಿಯಬೇಕು. ಎರಡನೇ ಬಗೆಯವರಾದರೆ ಒಂದು ಸಾಲು, ಮೂರನೇ ಬಗೆಯವರಾದರೆ, ಅಂದರೆ ಜೋರಾಗಿ ಕಡಿದಾದ ಕಡೆ ಜಾರುವವರಾದರೆ, ಎರಡು ಸಾಲು ಬಿಗಿ ಮಾಡಬೇಕು. ವಯಸ್ಸು ಐವತ್ತಾಗಿದ್ದರೆ ಅಥವಾ ಹತ್ತರೊಳಗಿದ್ದರೆ ಒಂದು ಸಾಲು ಸಡಿಲ ಮಾಡಬೇಕು. ಆಮೇಲೆ ಅಟ್ಟೆಯ ಉದ್ದದ ಕಾಲಂ ನೋಡಿದರೆ ಸಂಖ್ಯೆ ಸಿಗುತ್ತದೆ. ಭಾವನವರ ಅಳತೆಗೆ, 315 ಮಿಲಿಮೀಟರ್ ಅಟ್ಟೆಗೆ, ಅದು 4ರ ಆಸುಪಾಸು ಬರುತ್ತದೆ. ಅವರನ್ನು ಮೂರನೇ ಬಗೆಗೆ ಸೇರಿಸಿ, ವಯಸ್ಸು ಮರೆತರೆ 7ರ ಹತ್ತಿರ ಹೋಗುತ್ತದೆ. ಏನಾಗಿದೆ ಅಂತ ನಿಮಗೆ ಅರ್ಥವಾಗಿರಬೇಕು. ಅವರಿಗಿಂತ ಮುಂಚೆ ಯಾರೋ ಗಟ್ಟಿ ಸ್ಕೀಯರ್ ಒಯ್ದಿದ್ದ ಜೊತೆಯನ್ನು ಹಾಗೇ ಎತ್ತಿ ಕೊಟ್ಟಿದ್ದೀರಿ, ಇಲ್ಲವೇ ಫಾರಂನ ಬೇರೆ ಸಾಲು ಓದಿದ್ದೀರಿ. ಎರಡರಲ್ಲಿ ಯಾವುದು ಅಂತ ನನಗೆ ಉತ್ತರ ಬೇಕು.

ಬೈಂಡಿಂಗ್ ಇರುವುದು ಪ್ರೆಶರ್ ಕುಕ್ಕರಿನ ಸೇಫ್ಟಿ ವಾಲ್ವ್ ಥರ. ಒತ್ತಡ ಮಿತಿ ಮೀರಿದಾಗ ಬಿಡಬೇಕು. ಹೊಸಬರು ಬೀಳುವುದು ನಿಧಾನಕ್ಕೆ, ಕಾಲು ತಿರುಚಿಕೊಂಡು. ಆಗ ಬೀಳುವ ಬಲವೇ ಕಮ್ಮಿ. ಅಷ್ಟು ಕಮ್ಮಿ ಬಲಕ್ಕೆ 7ರಲ್ಲಿ ಬಿಗಿದ ಬೈಂಡಿಂಗ್ ಬಿಡುವುದಿಲ್ಲ, ಮೊಣಕಾಲೇ ಸೋಲುತ್ತದೆ. ಸರಿಯಾಗಿ ಹೊಂದಿಸಿದ್ದರೂ ಒಮ್ಮೊಮ್ಮೆ ಮೊಣಕಾಲು ಉಳುಕುತ್ತದೆ ಅಂತ ನೀವು ಹೇಳಬಹುದು. ಹೌದು, ಉಳುಕುತ್ತದೆ. ಆದರೆ ಸರಿಯಾಗಿ ಹೊಂದಿಸಿ ಕೊಟ್ಟಿದ್ದರೆ ಮಾತ್ರ ಆ ಮಾತು ನಿಮ್ಮ ಬಾಯಲ್ಲಿ ಒಪ್ಪುತ್ತದೆ.

ಟ್ರಕೀಯ ಆಸ್ಪತ್ರೆಯಲ್ಲಿ ನೋಡಿ ಮೊಣಕಾಲಿನ ಒಳಬದಿಯ ಎಂಸಿಎಲ್ ಲಿಗಮೆಂಟ್ ಅರ್ಧಂಬರ್ಧ ಹರಿದಿದೆ, ಗ್ರೇಡ್ 2 ಅಂದರು. ಆಪರೇಷನ್ ಬೇಡ, ಪುಣ್ಯ. ಕಾಲಿಗೆ ಬ್ರೇಸ್, ಊರುಗೋಲು, ವಾರಗಟ್ಟಲೆ ಫಿಸಿಯೋ. ಇಂಡಿಯಾದಿಂದ ಬರುವವರ ವಿಸಿಟರ್ ಇನ್ಶೂರೆನ್ಸ್‌ಗಳಲ್ಲಿ ಸ್ಕೀಯಂಥ ಆಟಗಳನ್ನು ಎಷ್ಟೋ ಕಂಪನಿಗಳು ಹೊರಗಿಡುತ್ತವೆ. ನಾನು ಮೊದಲೇ ಸಾಹಸ ಕ್ರೀಡೆ ಸೇರಿಸಿ ಪಾಲಿಸಿ ಮಾಡಿಸಿದ್ದೆ, ಆದ್ದರಿಂದ ಬಚಾವ್. ಆದರೂ ಡಿಡಕ್ಟಿಬಲ್, ಅಂದರೆ ನಮ್ಮ ಪಾಲಿನ ಮೊದಲ ಮೊತ್ತ, 250 ಡಾಲರ್ ನಮ್ಮ ಜೇಬಿಂದಲೇ ಹೋಯಿತು. ಭಾವನವರು ಆಮೇಲೆ ನೋಡಬೇಕು ಅಂದುಕೊಂಡಿದ್ದ ಗ್ರ್ಯಾಂಡ್ ಕ್ಯಾನ್ಯನ್ ಬಿಟ್ಟುಹೋಯಿತು. ನಮ್ಮ ಮನೆ ಸೋಫಾದ ಮೇಲೆ ಕಾಲು ಚಾಚಿಕೊಂಡು ಕ್ರಿಕೆಟ್ ನೋಡಿಕೊಂಡು ಕೂತಿದ್ದಾರೆ. ಅವರಿಗೆ ಕೋಪ ಇಲ್ಲ. ನನಗಿದೆ.

ವೇವರ್ ಬಗ್ಗೆ ಒಂದು ಮಾತು. ಅದನ್ನು ಮತ್ತೆ ಪೂರ್ತಿ ಓದಿದೆ. ಜಾರುವ ಆಟದಲ್ಲಿ ಇರುವ ಅಪಾಯ ಒಪ್ಪಿಕೊಂಡಿದ್ದೇವೆ. ಮಂಜುಗಡ್ಡೆ, ಮರ, ಬೇರೆಯವರು ಬಂದು ಗುದ್ದುವುದು, ನಾವೇ ಬೀಳುವುದು. ಫಾರಂ ಓದದೆ ಸ್ಕ್ರೂ ತಿರುಗಿಸುವುದು ಆಟದ ಅಪಾಯಗಳ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಬದಲಿಗೆ "ಗ್ರಾಹಕರು ಕೊಟ್ಟ ಮಾಹಿತಿ ಪ್ರಕಾರ ಉಪಕರಣ ಹೊಂದಿಸಲಾಗಿದೆ" ಅನ್ನುವ ಸಾಲು ಇದೆ. ಆ ಸಾಲು ಸುಳ್ಳಾಗಿದೆ. ಅದರ ಕೆಳಗೆ ಸಹಿ ನಿಮ್ಮ ಹುಡುಗನದ್ದು.

ಕನ್ನಡದಲ್ಲಿ ಪಾಠ ಅಂದಿದ್ದೂ ಹಾಗೇ ಆಯಿತು. ನೀವು ಕಳಿಸಿದ ಹುಡುಗ ಒಳ್ಳೆಯವನೇ, ಮಕ್ಕಳಿಗೆ ಚೆನ್ನಾಗಿಯೇ ಹೇಳಿಕೊಡುತ್ತಿದ್ದ. ಹತ್ತೇ ನಿಮಿಷಕ್ಕೆ ಗುಡ್ಡದವರು ಬಂದು ನಿಲ್ಲಿಸಿದರು. ಅಮೆರಿಕದ ಬಹುಪಾಲು ಸ್ಕೀ ಗುಡ್ಡಗಳಲ್ಲಿ ಹೊರಗಿನವರು ದುಡ್ಡು ತಗೊಂಡು ಪಾಠ ಹೇಳುವ ಹಾಗಿಲ್ಲ. ಈ ವ್ಯಾಪಾರದಲ್ಲಿರುವ ನಿಮಗೆ ಅದು ಗೊತ್ತಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಪಾಪ, ಮಕ್ಕಳೆದುರು ಬೈಸಿಕೊಂಡವನು ಅವನು. ಮಕ್ಕಳಿಗೂ ಗುಡ್ಡದವರ ಪಾಠಕ್ಕೆ ಮತ್ತೆ ದುಡ್ಡು ಕಟ್ಟಿದೆವು.

ಇಷ್ಟೆಲ್ಲ ಆದಮೇಲೆ ತಡವಾಗಿ ಸಾಮಾನು ವಾಪಸ್ ಕೊಟ್ಟಿರಿ ಅಂತ ನನ್ನ ಕಾರ್ಡಿನಿಂದ ಪ್ರತಿ ಜೊತೆಗೂ ಒಂದು ದಿನದ ಬಾಡಿಗೆ ಕಿತ್ತುಕೊಂಡಿದ್ದೀರಿ. ಸೋಮವಾರ ಮಧ್ಯಾಹ್ನ ಹಿಮಗಾಳಿಗೆ ರಾಜ್ಯದ ರಸ್ತೆ ಇಲಾಖೆ ಕ್ಯಾಲ್‌ಟ್ರಾನ್ಸ್‌ನವರು ಐ-80 ಹೆದ್ದಾರಿಯನ್ನು ಡಾನರ್ ಸಮಿಟ್‌ನಲ್ಲಿ ಎರಡೂ ಕಡೆಯಿಂದ ಮುಚ್ಚಿದರು. 7,200 ಅಡಿ ಎತ್ತರದ ಆ ಕಣಿವೆ ದಾರಿ ಚಳಿಗಾಲದಲ್ಲಿ ಹೀಗೆ ಮುಚ್ಚುವುದು ಹೊಸದಲ್ಲ. ಟೈರಿಗೆ ಚೈನ್ ಹಾಕಿಕೊಂಡರೆ ಬಿಡುವ ಮಾತೂ ಇರಲಿಲ್ಲ, ರಸ್ತೆಯೇ ಬಂದ್. ಮಂಗಳವಾರ ತೆಗೆದ ತಕ್ಷಣ ಹೊರಟು ಸಂಜೆ ಸಾಮಾನು ತಂದುಕೊಟ್ಟೆವು. ಸೋಮವಾರವೇ ಅಂಗಡಿಗೆ ಫೋನ್ ಮಾಡಿದ್ದಕ್ಕೆ ನಿಮ್ಮವರು ಹೇಳಿದ್ದು, "ಲೇಕ್ ಸುತ್ತಿಕೊಂಡು ಹೈವೇ 50ರಲ್ಲಿ ಬರಬಹುದಿತ್ತು." ಸಾರ್, ಆ ಕಡೆ ಹೋಗುವ ಹೈವೇ 89 ಎಮರಾಲ್ಡ್ ಬೇ ಹತ್ತಿರ ಹಿಮಕುಸಿತದ ಭಯಕ್ಕೆ ಆಗಾಗ ಮುಚ್ಚುವ ರಸ್ತೆ. ಮಕ್ಕಳನ್ನೂ ಬ್ರೇಸ್ ಹಾಕಿದ ಕಾಲಿನವರನ್ನೂ ಕೂರಿಸಿಕೊಂಡು, ಆ ಗಾಳಿಯಲ್ಲಿ, ನಿಮ್ಮ ಬೂಟು ಕೊಡಲಿಕ್ಕೆ ಅಂತ ಯಾರು ಹೋಗುತ್ತಾರೆ?

ನನಗೆ ಬೇಕಾದದ್ದು ಇಷ್ಟು. ಭಾವನವರ ಮತ್ತು ಡಲ್ಲಾಸಿನ ಗೆಳೆಯನ ಬಾಡಿಗೆ ಪೂರ್ತಿ ವಾಪಸ್, ಗೆಳೆಯ ಗುಡ್ಡದಲ್ಲಿ ಕಟ್ಟಿದ ಬಾಡಿಗೆಯ ರಸೀದಿ ಮೊತ್ತ, ಮಕ್ಕಳ ಪಾಠದ ದುಡ್ಡು, 250 ಡಾಲರ್ ಡಿಡಕ್ಟಿಬಲ್, ತಡದ ದಂಡ. ರಸೀದಿಗಳೆಲ್ಲ ಲಗತ್ತಿನಲ್ಲಿವೆ. ಇದಕ್ಕಿಂತ ಮುಖ್ಯವಾಗಿ ಭಾವನವರ ಸ್ಕೀ ಹೊಂದಿಸಿದ ಚೀಟಿಯ ನಕಲು ಕೊಡಿ. ಯಾವ ಬಗೆ, ಯಾವ ವಯಸ್ಸು, ಯಾವ ಅಟ್ಟೆ ಉದ್ದ ಅಂತ ಅದರಲ್ಲಿ ಏನು ಬರೆದಿದ್ದೀರಿ ಅಂತ ನೋಡಬೇಕು. ಚೀಟಿಯೇ ಇಲ್ಲ ಅಂದರೆ ಅದನ್ನೂ ಬರವಣಿಗೆಯಲ್ಲಿ ತಿಳಿಸಿ. ಇನ್ನು ಮುಂದೆ ಬೂಟು ಬದಲಿಸಿದರೆ ಸ್ಕೀ ಮತ್ತೆ ಹೊಂದಿಸದೆ ಕೌಂಟರ್ ದಾಟಬಾರದು ಅಂತ ನಿಮ್ಮ ಕೆಲಸದವರಿಗೆ ಹೇಳಿದ್ದೀರಾ ಅನ್ನುವುದೂ ಗೊತ್ತಾಗಬೇಕು. ಮುಂದಿನ ಶನಿವಾರ ಅಲ್ಲಿ ನಿಲ್ಲುವ ಕುಟುಂಬಗಳೂ ನಮ್ಮವರೇ ಅಲ್ವಾ.

ಮಾರ್ಚ್ 15ರೊಳಗೆ ಉತ್ತರ ಬರದಿದ್ದರೆ ಸಣ್ಣ ಮೊತ್ತದ ದಾವೆಗಳ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋಗುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಅಲ್ಲಿ 12,500 ಡಾಲರ್‌ವರೆಗೆ ಕೇಳಬಹುದು, ವಕೀಲರ ಅಗತ್ಯವೂ ಇಲ್ಲ. ಸ್ಕೀ ಪ್ಯಾಟ್ರೋಲಿನವರ ವರದಿಗೆ ಈಗಾಗಲೇ ಅರ್ಜಿ ಕೊಟ್ಟಿದ್ದೇನೆ. ಮಾತಾಡಿ ಬಗೆಹರಿಸುವುದಾದರೆ ಫೋನ್ ಮಾಡಿ, ಬುಕಿಂಗಿನಲ್ಲಿ ನಂಬರ್ ಇದೆ. ಸಂಜೆ ಆರರ ಮೇಲೆ ಸಿಗುತ್ತೇನೆ.

ಆ ಸ್ಕೀ ಜೊತೆಯ ಸ್ಟಿಕ್ಕರ್ ಸಂಖ್ಯೆ ಫೋಟೋದಲ್ಲಿ ಕಾಣುತ್ತದೆ. ಇದು ಇತ್ಯರ್ಥವಾಗುವವರೆಗೆ ಅದನ್ನು ಬೇರೆ ಯಾರಿಗೂ ಬಾಡಿಗೆಗೆ ಕೊಡಬೇಡಿ, ಸ್ಕ್ರೂ ಸಹ ಮುಟ್ಟಬೇಡಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬುಕಿಂಗ್ ಫಾರಂ ಸ್ಕ್ರೀನ್‌ಶಾಟ್, ಬೈಂಡಿಂಗ್ ಫೋಟೋಗಳು, ಆಸ್ಪತ್ರೆ ಚೀಟಿ, ರಸೀದಿಗಳು