ಮಗಳಿಗೊಂದು ಪತ್ರ: ನೀನು ಕಳಿಸಿದ ಉಪ್ಪು

ಪುಟ್ಟೀ,

ನೀನು ಕಳಿಸಿದ ಕಡಿಮೆ ಸೋಡಿಯಂ ಉಪ್ಪು ಬಂದು ವಾರವಾಯಿತು. ಪೊಟ್ಟಣ ಇನ್ನೂ ಒಡೆದಿಲ್ಲ. "ಅಪ್ಪನಿಗೆ ಹಟ" ಎಂದು ನಿಮ್ಮಮ್ಮನ ಹತ್ತಿರ ದೂರು ಹೇಳಿದೆಯಂತೆ. ಹಟ ಅಲ್ಲ ಕಣೇ, ಕಾರಣ ಇದೆ. ಫೋನಿನಲ್ಲಿ ಹೇಳಹೊರಟರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಬಲಗೈ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಅಕ್ಷರ ವಾರೆಯಾಗಿದ್ದರೆ ಹೊಂದಿಸಿಕೊಂಡು ಓದು.

ನನಗಾಗಿದ್ದು ರಕ್ತ ಹೆಪ್ಪುಗಟ್ಟಿ, ಮೆದುಳಿನ ನಾಳ ಕಟ್ಟಿಕೊಂಡು ಆಗುವ ಸ್ಟ್ರೋಕ್. ಜಾಸ್ತಿ ಜನಕ್ಕೆ ಆಗುವುದು ಇದೇ. ಇನ್ನು ಕೆಲವರಿಗೆ ನಾಳ ಒಡೆದು ರಕ್ತ ಸೋರುತ್ತದೆ. ಎರಡಕ್ಕೂ ದೊಡ್ಡ ಕಾರಣ ಬಿಪಿ. ಅದನ್ನು ನಾನೇ ಸಾಕಿ ಬೆಳೆಸಿದೆ. ತಲೆನೋವಿಲ್ಲ, ಸುಸ್ತಿಲ್ಲ, ಚೆನ್ನಾಗೇ ಇದ್ದೇನಲ್ಲ ಎಂದು ಮಾತ್ರೆ ಬಿಟ್ಟೆ. ಊಟಕ್ಕೆ ಕೂತರೆ ರುಚಿ ನೋಡುವ ಮೊದಲೇ ಉಪ್ಪಿನ ಡಬ್ಬಿಗೆ ಕೈ ಹೋಗುತ್ತಿತ್ತು. ನೀನೇ ಎಷ್ಟು ಸಲ ಡಬ್ಬಿ ಬಚ್ಚಿಟ್ಟಿದ್ದೀಯ, ನೆನಪಿದೆಯಾ?

ಉಪ್ಪಿನಲ್ಲಿರುವ ಸೋಡಿಯಂ ಮೈಯಲ್ಲಿ ನೀರು ಹಿಡಿದಿಡುತ್ತದೆ, ಒತ್ತಡ ಏರುತ್ತದೆ. ವರ್ಷಗಟ್ಟಲೆ ಹೀಗಾದರೆ ನಾಳಗಳು ಗಡುಸಾಗುತ್ತವೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಗತ್ತಿನ ಸರಾಸರಿ ಅದರ ಎರಡು ಪಟ್ಟು ಇದೆ. ನನ್ನ ಲೆಕ್ಕ ಮಾತ್ರ ಕೇಳಬೇಡ.

ಈಗ ನಿನ್ನ ಪೊಟ್ಟಣದ ವಿಷಯ. ಇಂಥ ಉಪ್ಪಿನಿಂದ ಸ್ಟ್ರೋಕ್ ಕಡಿಮೆಯಾಗುತ್ತದೆ ಎಂದು ನೀನು ಓದಿ ಹೇಳಿದ್ದು ನಿಜ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರನ್ನು ಸೇರಿಸಿ ನಡೆಸಿದ ಅಧ್ಯಯನ ಅದು, 2021ರಲ್ಲಿ ಹೊರಬಂತು. ಅವರಲ್ಲಿ ಹೆಚ್ಚಿನವರು ನನ್ನ ಹಾಗೆಯೇ, ಮೊದಲೊಮ್ಮೆ ಸ್ಟ್ರೋಕ್ ಆದವರು. ಅರ್ಧ ಹಳ್ಳಿಗಳು ಮಾಮೂಲಿ ಉಪ್ಪಿನಲ್ಲೇ ಮುಂದುವರಿದವು. ಉಳಿದರ್ಧಕ್ಕೆ, ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ (ಸೋಡಿಯಂ ಇಲ್ಲದ ಇನ್ನೊಂದು ಬಗೆಯ ಉಪ್ಪು) ಬೆರೆಸಿದ ಉಪ್ಪು ಕೊಟ್ಟರು. ಸುಮಾರು ಐದು ವರ್ಷ ನೋಡಿದಾಗ, ಬೆರಕೆ ಉಪ್ಪು ತಿಂದವರಲ್ಲಿ ಸ್ಟ್ರೋಕ್ ಶೇ 14ರಷ್ಟು ಕಡಿಮೆ. ಸುಮ್ನೆ ಉಪ್ಪು ಬದಲಿಸಿದ್ದಕ್ಕೆ ಇಷ್ಟು!

ಆದರೆ ಗಂಭೀರ ಕಿಡ್ನಿ ಕಾಯಿಲೆ ಇದ್ದವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ. ಕಿಡ್ನಿ ಸರಿ ಇಲ್ಲದಿದ್ದರೆ ಪೊಟ್ಯಾಸಿಯಂ ಹೊರಗೆ ಹೋಗದೆ ರಕ್ತದಲ್ಲೇ ಉಳಿದು ಹೃದಯದ ಬಡಿತ ಕೆಡಿಸಬಹುದು. ನನ್ನ ಬಿಪಿ ಮಾತ್ರೆಯೂ ಪೊಟ್ಯಾಸಿಯಂ ಏರಿಸುವ ಜಾತಿಯದ್ದೇ. ರಕ್ತ ಪರೀಕ್ಷೆಯ ರಿಪೋರ್ಟ್ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಬೇಡ ಎಂದಿದ್ದಾರೆ ಡಾಕ್ಟರು. ಅಷ್ಟೇ ಕಥೆ.

ಅಲ್ಲಿಯವರೆಗೆ ಮಾಮೂಲಿ ಉಪ್ಪನ್ನೇ ಕಡಿಮೆ ಮಾಡಿದ್ದೇವೆ. ಮೊದಮೊದಲು ಎಲ್ಲವೂ ಸಪ್ಪೆ. ಊಟದ ಮುಂದೆ ಮುಖ ಸಿಂಡರಿಸಿಕೊಂಡು ಕೂತು ನಿಮ್ಮಮ್ಮನ ಕೈಲಿ ಬೈಸಿಕೊಂಡೆ. ಕೆಲವು ವಾರ ಕಳೆದ ಮೇಲೆ ನಾಲಿಗೆ ತಾನೇ ಒಗ್ಗಿತು. ಮೊನ್ನೆ ಚಿಪ್ಸ್ ಬಾಯಿಗೆ ಹಾಕಿದರೆ ಉಪ್ಪಿನ ಸಮುದ್ರವೇ ಅನ್ನಿಸಿತು. (ಎರಡೇ ಎರಡು ತಿಂದಿದ್ದು, ಅವಳಿಗೆ ಹೇಳಬೇಡ.) ನನಗೆ ಆಶ್ಚರ್ಯವಾಗಿದ್ದು ಬ್ರೆಡ್. ಉಪ್ಪೆನಿಸುವುದೇ ಇಲ್ಲ, ಆದರೂ ಅದರಲ್ಲಿ ಸಾಕಷ್ಟಿದೆ. ಪ್ಯಾಕೆಟ್ ಮೇಲೆ ಬರೀ ಸೋಡಿಯಂ ಎಂದು ಬರೆದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸು, ಉಪ್ಪಿನ ಲೆಕ್ಕ ಸಿಗುತ್ತದೆ.

ಇನ್ನು "ನಾನು ಮಾಂಸ ಮುಟ್ಟಲ್ಲ, ನನಗೇನೂ ಆಗಲ್ಲ" ಎಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. 2019ರಲ್ಲಿ ಬಂದ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದಲ್ಲಿ ಸಸ್ಯಾಹಾರಿಗಳಿಗೆ ಹೃದಯದ ಕಾಯಿಲೆ ಕಡಿಮೆ ಕಂಡಿತು, ಸ್ಟ್ರೋಕ್ ಮಾತ್ರ ಸ್ವಲ್ಪ ಜಾಸ್ತಿಯೇ ಇತ್ತು. ಹೆದರಬೇಡ, ವ್ಯತ್ಯಾಸ ಸಣ್ಣದು. ಆದರೆ ಬಿಸ್ಕತ್ತು, ನೂಡಲ್ಸ್ ತಿಂದುಕೊಂಡಿದ್ದರೂ ಸಸ್ಯಾಹಾರವೇ ತಾನೇ? ಹಣ್ಣು, ಸೊಪ್ಪು, ಕಾಳು ತಟ್ಟೆಯಲ್ಲಿ ಎಷ್ಟಿದೆ, ಅದನ್ನು ಹೇಳು.

ಗುರುವಾರ ರಿಪೋರ್ಟ್ ಬರುತ್ತದೆ. ಸರಿ ಇದ್ದರೆ ಅಂದೇ ಪೊಟ್ಟಣ ಒಡೆಯುತ್ತೇನೆ, ಫೋಟೋ ಕಳಿಸುತ್ತೇನೆ. ನೀನೂ ಅಷ್ಟರೊಳಗೆ ಒಂದು ಸಲ ಬಿಪಿ ನೋಡಿಸಿ ಎಷ್ಟಿದೆ ಎಂದು ಬರೆ.

ನಿನ್ನ ಅಪ್ಪ